ಬಲ್ಬು ಬರೆದು ಅಳಿಸುವ ಪಾಠ

ಪ್ರಿಂಟರಿನ ಹೊಟ್ಟೆಯಲ್ಲಿ ಸಿಕ್ಕಿಕೊಂಡಿದ್ದ ಒಂದು ಹಾಳೆಯನ್ನು ಹರಿಯದಂತೆ ಎಳೆದು ತೆಗೆದದ್ದೇ ಗುಂಡಿ ಭಾವ ಮಾಡಿದ ಎಡವಟ್ಟು. ಹಾಳೆ ಹರಿದಿದ್ದರೆ ಎಲ್ಲರ ಹಾಗೆ ಅವರೂ ನೆಮ್ಮದಿಯಾಗಿ ಇರಬಹುದಿತ್ತು. ಹರಿಯಲಿಲ್ಲ. ಅಂದಿನಿಂದ ಹೊಲಿಗೆ ಸಂಘದಲ್ಲಿ ಕಂಪ್ಯೂಟರ್ ಬಲ್ಲವರು ಎಂದರೆ ಭಾವ ಎಂದಾಯಿತು, ಅಲ್ಲ ಎನ್ನಲು ಅವರಿಗೂ ಮನಸ್ಸಾಗಲಿಲ್ಲ.

ಸಂಘದ ಉಗ್ರಾಣದಲ್ಲಿ ಗುಂಡಿ, ದಾರ, ಲಾಡಿ, ಎಲಾಸ್ಟಿಕ್ಕುಗಳನ್ನು ಎಣಿಸಿ ಕೊಡುವುದು ಅವರ ಕೆಲಸ. ಅಧ್ಯಕ್ಷೆ ಅವರ ಹೆಂಡತಿಯ ತಂಗಿ. ಅವಳು ಭಾವ ಎಂದು ಕರೆದಳು, ಸದಸ್ಯೆಯರೆಲ್ಲ ಭಾವ ಎಂದರು, ಕೊನೆಗೆ ಮೊಮ್ಮಕ್ಕಳನ್ನು ಕಂಡ ಅಜ್ಜಿಯರೂ ಭಾವ ಎನ್ನತೊಡಗಿದರು. ಹೀಗೆ ಇಡೀ ಬೀದಿಗೆ ಭಾವನಾದ ಮನುಷ್ಯನಿಗೆ ಒಂದಿಷ್ಟು ಗತ್ತು ಬಂದರೆ ತಪ್ಪು ಎನ್ನಲಾಗದು.

ಸಂಘದ ಹೆಂಗಸರು ತಂತಮ್ಮ ಮನೆಯಲ್ಲೇ ಕೂತು ದೊಡ್ಡಾಸ್ಪತ್ರೆಯ ರೋಗಿಗಳಿಗೆ ನಿಲುವಂಗಿ ಹೊಲಿಯುತ್ತಿದ್ದರು. ಆ ನಿಲುವಂಗಿಗಳಿಂದಲೇ ಎಷ್ಟೋ ಮನೆಗಳಲ್ಲಿ ಒಲೆ ಉರಿಯುತ್ತಿತ್ತು. ಭಾವನ ಮನೆಯ ಒಲೆಯೂ ಅರ್ಧಕ್ಕರ್ಧ ಹೆಂಡತಿಯ ಮಷೀನಿನಿಂದಲೇ ಉರಿಯುತ್ತಿದ್ದುದು. ಹೀಗಿರುವಾಗ ಆಸ್ಪತ್ರೆಯವರು ಸಂಘಕ್ಕೆ ಒಂದು ಲ್ಯಾಪ್‌ಟಾಪ್ ಕಳಿಸಿದರು. ಇನ್ನು ಮುಂದೆ ಯಾರು ಎಷ್ಟು ಹೊಲಿದರೋ ಅವರವರೇ ಅದರಲ್ಲಿ ತುಂಬಬೇಕು. ಮುಂದಿನ ತಿಂಗಳು ಅಧಿಕಾರಿ ಬಂದು ತಮಗೆ ತೋಚಿದವರನ್ನು ಕರೆದು ಪರೀಕ್ಷೆ ಮಾಡುತ್ತಾರೆ. ಬಾರದಿದ್ದರೆ ಹೊಲಿಗೆಯೆಲ್ಲ ಕಾರ್ಖಾನೆಯ ಪಾಲು. ಇಷ್ಟು ಹೇಳಿ ತಂದವನು ಚಹಾ ಕುಡಿದು ಹೊರಟುಹೋದ.

ಸಭೆ ಕರೆದರು. ಇರುವುದು ಒಂದೇ ಯಂತ್ರ, ಕಲಿಯಬೇಕಾದವರು ಬೀದಿ ತುಂಬ. ಸರತಿಯಲ್ಲಿ ನಿಂತು ಕಲಿಯುತ್ತ ಹೋದರೆ ಹೊಲಿಯುವವರು ಯಾರು? ಜೀವನವಿಡೀ ಗುಂಡಿಮನೆ ತೆಗೆದು ತೆಗೆದು ಕಾಜಾ ಅಜ್ಜಿ ಎಂದೇ ಹೆಸರಾದ ಹಿರಿಯಾಕೆ, ತನ್ನ ವಯಸ್ಸಿಗೆ ಆ ಯಂತ್ರ ಮುಟ್ಟುವುದಿಲ್ಲ, ಬೇಕಾದರೆ ಅದಕ್ಕೊಂದು ಅಂಗಿ ಹೊಲಿದುಕೊಡುತ್ತೇನೆ ಎಂದುಬಿಟ್ಟಳು. ಯಾರೂ ನಗಲಿಲ್ಲ. ಅಧ್ಯಕ್ಷೆ ತಲೆ ಮೇಲೆ ಕೈ ಹೊತ್ತು ಕೂತಿದ್ದಳು.

ಆಗ ಉಗ್ರಾಣದ ಬಾಗಿಲಲ್ಲಿ ಭಾವ ಗಂಟಲು ಸರಿಮಾಡಿಕೊಂಡರು.

"ನೀವು ಯಾರೂ ಬರೋದು ಬೇಡ," ಎಂದರು. "ಪಾಠಾನೇ ನಿಮ್ಮ ಟಿವಿಗೆ ಕಳಿಸ್ತೀನಿ."

ಕಂಪ್ಯೂಟರಿನ ಪರದೆಯ ಮೇಲೆ ನಡೆಯುವುದನ್ನೆಲ್ಲ ಮಾತಿನ ಸಮೇತ ಹಾಗೆಯೇ ಹಿಡಿದಿಡುವ ಒಂದು ಪ್ರೋಗ್ರಾಂ ಇದೆಯೆಂದು ಅವರು ಎಲ್ಲೋ ಬಸ್ಸಿನಲ್ಲಿ ಕೇಳಿದ್ದರು. ಹಾಗೆ ಹಿಡಿದದ್ದನ್ನು ಡಿಸ್ಕಿಗೆ ತುಂಬಿದರೆ ಆಯಿತಲ್ಲ. ಎಲ್ಲರ ಮನೆಯಲ್ಲೂ ಟಿವಿ, ಟಿವಿಯ ಕೆಳಗೆ ಸಿನಿಮಾ ಡಿಸ್ಕ್ ಹಾಕುವ ಪೆಟ್ಟಿಗೆ ಇದ್ದೇ ಇದೆ. ಹೊಲಿಯುತ್ತ ಹೊಲಿಯುತ್ತ ನೋಡಿ ಕಲಿಯಬಹುದು. ಉಪಾಯ ನಿಜಕ್ಕೂ ಒಳ್ಳೆಯದೇ. ಒಳ್ಳೆಯ ಉಪಾಯಗಳು ತಪ್ಪು ಜನರ ಕೈಗೆ ಸಿಕ್ಕಾಗಲೇ ಇಂಥ ಕಥೆಗಳು ಹುಟ್ಟುವುದು.

ಭಾವ ಲ್ಯಾಪ್‌ಟಾಪನ್ನು ಮಗುವಿನ ಹಾಗೆ ಟವೆಲಿನಲ್ಲಿ ಸುತ್ತಿಕೊಂಡು ಮನೆಗೆ ತಂದರು. ಆ ಪ್ರೋಗ್ರಾಮನ್ನು ಯಾರ್ಯಾರನ್ನೋ ಕೇಳಿ ಹಾಕಿಸಿಕೊಂಡದ್ದಾಯಿತು. ನಡುಮನೆಯ ಮೇಜಿನ ಮುಂದೆ ಕೂತು, ಬಾಗಿಲು ಮುಂದೆ ಮಾಡಿ, ರೇಡಿಯೋದಲ್ಲಿ ವಾರ್ತೆ ಓದುವವರ ಧ್ವನಿ ತಂದುಕೊಂಡು ಪಾಠ ಶುರುಮಾಡಿದರು. ಮೊದಲು ನಿಮ್ಮ ಹೆಸರು ಒತ್ತಿ, ಗುಟ್ಟಿನ ಸಂಖ್ಯೆ ಹಾಕಿ, ಒಳಗೆ ಬನ್ನಿ. ಇಲ್ಲಿಯವರೆಗೆ ಎಲ್ಲ ಸುಸೂತ್ರ. ಈಗ ಎಷ್ಟು ನಿಲುವಂಗಿ ಎಂಬ ಚೌಕಕ್ಕೆ ಬಂದಿರುವಿರಿ, ಇಲ್ಲಿ ತಾವು ಮಾಡಬೇಕಾದುದೇನೆಂದರೆ...

ಒಳಕೋಣೆಯ ಬಾಗಿಲು ತೆರೆಯಿತು.

"ರೀ, ಮಷೀನಿನ ಮೇಲಿನ ಬಲ್ಬು ಹೋಗಿದೆ ಅಂತ ಅವತ್ತಿಂದ ಹೇಳ್ತಾ ಇದೀನಿ. ಕತ್ತಲಲ್ಲಿ ಕೂತು ಹೊಲೀಲಾ? ಇವತ್ತಾದರೂ ತರ್ತೀರೋ ಇಲ್ವೋ?"

ಭಾವ ಕೈಯಲ್ಲೇ ಸುಮ್ಮನಿರು ಎಂದರು. ಬಾಗಿಲು ಮುಚ್ಚಿತು. ತಿರುಗಿ ಪರದೆ ನೋಡಿದರೆ, ಎಷ್ಟು ನಿಲುವಂಗಿ ಎಂಬ ಚೌಕದಲ್ಲಿ ಬೆರಳುಗಳು ತಾವಾಗಿಯೇ 'ಬಲ್ಬು' ಎಂದು ಬರೆದು ಕೂತಿದ್ದವು.

ಬೇರೆ ಯಾರಾದರೂ ಆಗಿದ್ದರೆ ಅಯ್ಯೋ ತಪ್ಪಾಯಿತು ಎಂದು ಒಂದು ಮಾತು ಹೇಳಿ ಮುಂದೆ ಹೋಗುತ್ತಿದ್ದರು. ಆದರೆ ಪ್ರಿಂಟರಿನಿಂದ ಹಾಳೆ ತೆಗೆದ ಮನುಷ್ಯ ಬೀದಿಯ ಹೆಂಗಸರೆಲ್ಲರ ಮುಂದೆ ತಪ್ಪಾಯಿತು ಎನ್ನುವುದೆಂತು? ಅವರು ಅದೇ ವಾರ್ತೆಯ ಧ್ವನಿಯಲ್ಲಿ, "ಹೀಗೆ ಬರೆದದ್ದನ್ನು ಈಗ ಒಂದೊಂದೇ ಅಕ್ಷರವಾಗಿ ಅಳಿಸತಕ್ಕದ್ದು" ಎಂದರು, ಅಳಿಸಿದರು, "ಆನಂತರ ಸಂಖ್ಯೆಯನ್ನು ಬರೆಯತಕ್ಕದ್ದು" ಎಂದು ಪಾಠ ಮುಂದುವರಿಸಿದರು. ಮಾಡಿದ್ದನ್ನು ಮತ್ತೊಮ್ಮೆ ನೋಡುವ ಗೋಜಿಗೆ ಹೋಗಲಿಲ್ಲ. ನೋಡಿದ್ದರೂ ಕತ್ತರಿಸುವುದು ಅವರಿಗೆ ಬರುತ್ತಿರಲಿಲ್ಲ; ಸಂಘದಲ್ಲಿ ಕತ್ತರಿ ಹಿಡಿಯದ ಪ್ರಾಣಿ ಅವರೊಬ್ಬರೇ.

ಮೊದಲ ಡಿಸ್ಕನ್ನು ತಾವೇ ತುಂಬಿದರು. ತುಂಬುವುದೆಂದರೆ ಡಬ್ಬಿಗೆ ಗುಂಡಿ ತುಂಬಿದ ಹಾಗೆ ಎಂದುಕೊಂಡು, ಕಂಪ್ಯೂಟರಿನ ಫೈಲನ್ನು ಎತ್ತಿ ಡಿಸ್ಕಿಗೆ ಹಾಕಿ ಅಧ್ಯಕ್ಷೆಯ ಮನೆಗೆ ಒಯ್ದರು. ಅಲ್ಲಿ ಅಧ್ಯಕ್ಷೆ, ಅವಳ ಗಂಡ, ಗಂಡನ ಅಮ್ಮ, ಪಕ್ಕದ ಮನೆಯವರು ಎಲ್ಲ ಸಾಲಾಗಿ ಕೂತು ಕಾದರು. ಪೆಟ್ಟಿಗೆ ಡಿಸ್ಕನ್ನು ನುಂಗಿತು, ಒಳಗೊಳಗೇ ಗೊಣಗಿತು, ಈ ಡಿಸ್ಕಿನಲ್ಲಿ ಏನೂ ಇಲ್ಲ ಎಂದು ಟಿವಿಯಲ್ಲಿ ತೋರಿಸಿ ಹೊರಗೆ ಉಗಿಯಿತು. ಭಾವ ಡಿಸ್ಕನ್ನು ಅಂಗಿಗೆ ಉಜ್ಜಿ ಮತ್ತೆ ಹಾಕಿದರು. ಮತ್ತೆ ಉಗಿಯಿತು.

ನಿಮ್ಮ ಟಿವಿ ಹಳೆಯದು ಎಂದರು ಭಾವ. ಹೋದ ತಿಂಗಳು ತಂದದ್ದು ಎಂದ ಷಡ್ಡಕ. ಅದೇ ತೊಂದರೆ, ಇನ್ನೂ ಪಳಗಿಲ್ಲ ಎಂದು ಹೇಳಿ ಭಾವ ಚಪ್ಪಲಿ ಮೆಟ್ಟಿಕೊಂಡರು.

ಬೀದಿಯ ಕೊನೆಯಲ್ಲಿ ಮದುವೆ ವಿಡಿಯೋದವನ ಅಂಗಡಿ ಇತ್ತು. ಈಗೀಗ ಅವನಿಗೆ ಕೆಲಸ ಕಡಿಮೆಯಾಗಿ, ಅಂಗಡಿ ತೆರೆದು ನೊಣ ಓಡಿಸುತ್ತಿದ್ದ. ಭಾವನ ಡಿಸ್ಕನ್ನು ಬೆಳಕಿಗೆ ಹಿಡಿದು ನೋಡಿ, ಕಂಪ್ಯೂಟರ್ ಆಡುವ ಮಾತು ಬೇರೆ, ಟಿವಿ ಪೆಟ್ಟಿಗೆ ಕೇಳುವ ಮಾತು ಬೇರೆ, ಇದನ್ನು ಪರಿವರ್ತಿಸಬೇಕು, ಚೌಕಟ್ಟು ಹೊಂದಿಸಬೇಕು, ಪಾಠಪಾಠಕ್ಕೂ ಬೇರೆ ಬೇರೆ ಬಾಗಿಲು ಇಟ್ಟು ಮೊದಲ ಪುಟ ಮಾಡಬೇಕು ಎಂದ. ಅದೆಲ್ಲ ನನಗೆ ಗೊತ್ತು, ಸಮಯವಿಲ್ಲ ಎಂದರು ಭಾವ. ಮದುವೆ ವಿಡಿಯೋದವನು ಬಹಳ ದಿನಗಳ ಮೇಲೆ ಕೈಗೆ ಬಂದ ಕೆಲಸವೆಂದು ತೋಳೇರಿಸಿ ಕೂತ. ಸಂಜೆಯ ಹೊತ್ತಿಗೆ ಬೀದಿಗೆ ಬೇಕಾದಷ್ಟು ಡಿಸ್ಕುಗಳನ್ನು ಬಣ್ಣದ ಕವರಿನಲ್ಲಿ ಹಾಕಿ ಕೊಟ್ಟ. ಕೆಲಸದಲ್ಲಿ ಅವನು ಪಳಗಿದವನೇ. ಆದರೆ ಕೈ ಮದುವೆಗೆ ಪಳಗಿತ್ತು.

ರಾತ್ರಿಯೇ ಡಿಸ್ಕುಗಳನ್ನೆಲ್ಲ ಹಂಚಿ ಮುಗಿಸಿ, ಮಾರನೆಯ ಬೆಳಿಗ್ಗೆ ಭಾವ ಉಗ್ರಾಣಕ್ಕೆ ಹೊರಟರೆ, ಮನೆಮನೆಯಿಂದಲೂ ಮದುವೆಯ ವಾದ್ಯ ಕೇಳಿಬರುತ್ತಿತ್ತು. ಎದುರು ಮನೆಯ ನಿವೃತ್ತ ರೈಲ್ವೆ ಗಾರ್ಡ್ ಹೊಸ ಅಂಗಿ ತೊಟ್ಟು ಬಾಗಿಲಲ್ಲಿ ನಿಂತಿದ್ದರು. ಇಷ್ಟೊಂದು ಮನೆಯಲ್ಲಿ ಒಂದೇ ದಿನ ಮದುವೆ, ಒಬ್ಬರಾದರೂ ನನ್ನನ್ನು ಕರೆಯಲಿಲ್ಲವಲ್ಲ ಎಂದು ಅವರಿಗೆ ಬೇಸರವಾಗಿತ್ತು. ಅದು ನಿಲುವಂಗಿ ಲೆಕ್ಕದ ಪಾಠ ಎಂದು ಭಾವ ತಿಳಿಸಿ ಹೇಳಿದರು. ಗಾರ್ಡ್ ನಂಬಲಿಲ್ಲ. ಕೊನೆಗೆ, ಮುಖ್ಯ ವಿಷಯಕ್ಕೆ ಬಂದವರಂತೆ, "ಅದಿರಲಿ, ಬಲ್ಬು ತಂದ್ರಾ?" ಎಂದು ಕೇಳಿದರು.

ಭಾವನಿಗೆ ಅರ್ಥವಾಗಲಿಲ್ಲ. ತಿರುವಿನಲ್ಲಿ ಹಾಲಿನವನು ಸೈಕಲ್ ನಿಲ್ಲಿಸಿ ಅದನ್ನೇ ಕೇಳಿದ. ಇಸ್ತ್ರಿಯವನು ಕೇಳಿದ. ಎಂದೂ ಮಾತಾಡದ ಬ್ಯಾಂಕಿನ ಮ್ಯಾನೇಜರೂ ಕಾರಿನ ಗಾಜು ಇಳಿಸಿ, ಹೆಂಡತಿಯನ್ನು ಕತ್ತಲಲ್ಲಿ ಕೂರಿಸಬಾರದು, ಕಣ್ಣಿಗೆ ಒಳ್ಳೆಯದಲ್ಲ ಎಂದು ಬುದ್ಧಿ ಹೇಳಿ ಹೋದರು. ಉಗ್ರಾಣದ ಪಕ್ಕದ ಮನೆಯ ಟಿವಿಯಲ್ಲಿ ಒಂದು ಡಿಸ್ಕ್ ಹಾಕಿಸಿ ನೋಡಿದಾಗಲೇ ಭಾವನಿಗೆ ತಮ್ಮ ಗ್ರಹಚಾರದ ಪೂರ್ತಿ ಅಳತೆ ಸಿಕ್ಕಿದ್ದು.

ಪಾಠದ ಮೊದಲ ಪುಟದಲ್ಲಿ ಎರಡು ಹೃದಯಗಳು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತಿದ್ದವು. ಕೆಳಗೆ ಆರಿಸಿಕೊಳ್ಳಲು ಮೂರು ಬಾಗಿಲು: ವಧುವಿನ ಆಗಮನ, ಉಡುಗೊರೆ, ಬೀಳ್ಕೊಡುಗೆ. ಮದುವೆ ವಿಡಿಯೋದವನು ಹಳೆಯ ಅಚ್ಚಿಗೇ ಹೊಸ ಪಾಠ ಸುರಿದಿದ್ದ, ಹೆಸರು ಬದಲಾಯಿಸಲು ಮರೆತಿದ್ದ. ಹೆಸರು ಒತ್ತಿ ಒಳಗೆ ಬರುವುದು ವಧುವಿನ ಆಗಮನವಾಗಿತ್ತು, ಸಂಖ್ಯೆ ತುಂಬುವುದು ಉಡುಗೊರೆಯಾಗಿತ್ತು. ಪುಟ ಬದಲಾದಾಗಲೆಲ್ಲ ಬಿಳಿ ಪಾರಿವಾಳಗಳು ಹಾರುತ್ತಿದ್ದವು. ಉಡುಗೊರೆಯ ನಡುವೆ ಹೆಂಡತಿಯ ಧ್ವನಿ ಗಂಟೆ ಬಾರಿಸಿದ ಹಾಗೆ ಸ್ಪಷ್ಟವಾಗಿ ಕೇಳುತ್ತಿತ್ತು, ಕೂಡಲೇ ಪರದೆಯ ಮೇಲೆ ದಪ್ಪಕ್ಷರದಲ್ಲಿ ಬಲ್ಬು ಮೂಡುತ್ತಿತ್ತು. ಇಷ್ಟು ಸಾಲದೆಂಬಂತೆ ಟಿವಿ ಚಿತ್ರದ ನಾಲ್ಕು ಅಂಚನ್ನೂ ಸ್ವಲ್ಪ ಸ್ವಲ್ಪ ನುಂಗಿಬಿಟ್ಟಿತ್ತು. ಕೊನೆಗೆ ಒತ್ತಬೇಕಾದ 'ಉಳಿಸು' ಎಂಬ ಗುಂಡಿ ಇದ್ದದ್ದು ಬಲಗಡೆಯ ಕೆಳಗಿನ ಅಂಚಿನಲ್ಲೇ. ಮೌಸಿನ ಬಾಣ ಆ ಮೂಲೆಗೆ ಹೋಗಿ ಮಾಯವಾಗುತ್ತಿತ್ತು, ಎಲ್ಲೋ ಟಕ್ ಎನ್ನುತ್ತಿತ್ತು, ಆಮೇಲೆ ಏನೂ ಆಗದ ಹಾಗೆ ಮರಳಿ ಬರುತ್ತಿತ್ತು.

ಹೊಸದಾಗಿ ಮಾಡಿಸೋಣ ಎಂದರೆ ಲ್ಯಾಪ್‌ಟಾಪ್ ಅಷ್ಟರಲ್ಲಿ ಅಧ್ಯಕ್ಷೆಯ ಬೀರು ಸೇರಿತ್ತು, ಬೀಗದ ಕೈ ಅವಳ ಸೊಂಟ ಸೇರಿತ್ತು. ಕೇಳಿದರೆ ಕಾರಣ ಹೇಳಬೇಕು. ಬಲ್ಬನ್ನಾದರೂ ಕೊಂಡು ಊರಿನ ಬಾಯಿ ಮುಚ್ಚಿಸೋಣ ಎಂದರೆ ಅದಕ್ಕೂ ಭಾವನ ಮನಸ್ಸು ಒಪ್ಪಲಿಲ್ಲ. ಈಗ ಅಂಗಡಿಗೆ ಹೋಗಿ ಬಲ್ಬು ಕೇಳಿದರೆ ಹಾಲಿನವನೂ ಇಸ್ತ್ರಿಯವನೂ ಗೆದ್ದ ಹಾಗೆ. ಬಲ್ಬಿನ ಅಂಗಡಿಯ ಮುಂದೆ ಹೋಗುವಾಗ ಅವರು ಮುಖ ಬೇರೆ ಕಡೆ ತಿರುಗಿಸಿಕೊಂಡು ನಡೆಯತೊಡಗಿದರು. ಮನೆಯಲ್ಲೂ ಒಳಕೋಣೆಯ ಕಡೆ ತಲೆ ಹಾಕಲಿಲ್ಲ. ಹೆಂಡತಿ ಕೂಡ ಯಾಕೋ ಆ ಮಾತು ಎತ್ತುವುದನ್ನೇ ಬಿಟ್ಟಳು. ಅದು ಇನ್ನೂ ಭಯಂಕರವಾಗಿತ್ತು.

ಕೊನೆಗೆ, ಒಬ್ಬರಿಗಾದರೂ ನಿಜ ಹೇಳಿಬಿಡೋಣ ಎಂದು ಧೈರ್ಯ ಮಾಡಿ ಕಾಜಾ ಅಜ್ಜಿಯ ಮನೆಗೆ ಹೋದರು. ಅಜ್ಜಿ ಟಿವಿಯ ಮುಂದೆ ಮಣೆ ಹಾಕಿ ಕೂತಿದ್ದಳು. ಬಟ್ಟೆಗೆ ಗುರುತು ಹಾಕುವ ಚಪ್ಪಟೆ ಸೀಮೆಸುಣ್ಣವನ್ನು ಮೌಸ್ ಮಾಡಿಕೊಂಡು, ಟಿವಿಯಲ್ಲಿ ಬಾಣ ಹೋದ ಕಡೆಯೆಲ್ಲ ನೆಲದ ಮೇಲೆ ಸೀಮೆಸುಣ್ಣ ಓಡಿಸುತ್ತಿದ್ದಳು. ನೆಲದ ತುಂಬ ಬಿಳಿ ಗೆರೆಗಳು. ಅಕ್ಕಪಕ್ಕದ ನಾಲ್ಕಾರು ಹೆಂಗಸರು ಹೊಲಿಗೆ ಕೆಳಗಿಟ್ಟು ಅವಳನ್ನೇ ನೋಡುತ್ತಿದ್ದರು. ಆ ಯಂತ್ರ ಮುಟ್ಟುವುದಿಲ್ಲ ಎಂದಿದ್ದ ಅಜ್ಜಿ ಈಗ ಎಲ್ಲರಿಗೂ ಗುರುವಾಗಿದ್ದಳು. ನನ್ನನ್ನು ನಂಬಿ ಇವರು ಇಷ್ಟು ಕಷ್ಟಪಡುತ್ತಿದ್ದಾರಲ್ಲ ಎಂದು ಭಾವ ಮೊದಲ ಬಾರಿಗೆ ನಿಜವಾಗಿ ಹೆದರಿದರು.

"ಅಜ್ಜಿ, ಆ ಬಲ್ಬು ಬರೆಯೋದೊಂದು ಬಿಟ್ಟುಬಿಡಿ," ಎಂದರು. "ಅದು ಬೇಕಾಗಿಲ್ಲ."

ಅಜ್ಜಿ ಕನ್ನಡಕದ ಮೇಲಿಂದ ನೋಡಿದಳು. "ಬರೆಯತಕ್ಕದ್ದು, ಅಳಿಸತಕ್ಕದ್ದು ಅಂತ ಟಿವಿಯಲ್ಲಿ ನೀವೇ ಹೇಳಿದೀರಿ. ಅಷ್ಟು ಗಟ್ಟಿಯಾಗಿ ನೀವು ಎದುರಿಗೆ ಯಾವತ್ತೂ ಮಾತಾಡಿಲ್ಲ. ನಾನು ಟಿವಿಯವರನ್ನೇ ನಂಬ್ತೀನಿ."

ಉಳಿದವರೂ ತಲೆಯಾಡಿಸಿದರು. ಒಂದು ಹೊಲಿಗೆ ಬಿಟ್ಟರೆ ಇಡೀ ಅಂಗಿ ಬಿಚ್ಚಿಕೊಳ್ಳುತ್ತದೆ, ಒಂದು ಹೆಜ್ಜೆ ಬಿಟ್ಟರೆ ಕಂಪ್ಯೂಟರ್ ಸುಮ್ಮನಿರುತ್ತದೆಯೇ ಎಂದು ಅವರ ವಾದ. ಭಾವ ಬಂದ ದಾರಿಗೆ ಸುಂಕವಿಲ್ಲ ಎಂದು ಮರಳಿದರು.

ಪರೀಕ್ಷೆಯ ದಿನ ಬಂತು. ಅಧಿಕಾರಿ ನಡುವಯಸ್ಸಿನ ಹೆಂಗಸು. ಕುಡಿಯುವ ನೀರನ್ನೂ ಮನೆಯಿಂದ ತಂದಿದ್ದರು, ನಗುವನ್ನು ತಂದಿರಲಿಲ್ಲ. ಹೋದ ಊರಿನಲ್ಲೆಲ್ಲ ಲೆಕ್ಕ ತಪ್ಪಿದೆ, ಇಲ್ಲೂ ತಪ್ಪಿದರೆ ಹೊಲಿಗೆಯನ್ನು ಕಾರ್ಖಾನೆಗೆ ಕೊಡಿ ಎಂದು ಇಂದೇ ಬರೆದು ಕಳಿಸುತ್ತೇನೆ ಎಂದು ಬಾಗಿಲಲ್ಲೇ ಹೇಳಿದರು. ಅಧ್ಯಕ್ಷೆ ಬಣ್ಣಗೆಟ್ಟಳು. ಭಾವನ ಹೆಂಡತಿ ಗೋಡೆಗೆ ಒರಗಿ ನಿಂತಿದ್ದಳು. ಭಾವ ಉಗ್ರಾಣದಲ್ಲಿ ಗುಂಡಿ ಡಬ್ಬಿಗಳ ನಡುವೆ ತಾವೂ ಒಂದು ಡಬ್ಬಿಯಂತೆ ಅಡಗಿ ನಿಂತು ಇಣುಕುತ್ತಿದ್ದರು.

ಅಧಿಕಾರಿ ಸುತ್ತ ನೋಡಿ, ಎಲ್ಲರಿಗಿಂತ ವಯಸ್ಸಾದವಳೆಂದು ಕಾಜಾ ಅಜ್ಜಿಯನ್ನೇ ಕರೆದರು. ಅಜ್ಜಿ ಸೆರಗು ಸಿಕ್ಕಿಸಿ ಕೂತಳು. "ಮೊದಲು ವಧು ಬರಬೇಕು," ಎಂದು ತನಗೆ ತಾನೇ ಹೇಳಿಕೊಂಡು ಹೆಸರು ಒತ್ತಿ, ಗುಟ್ಟಿನ ಸಂಖ್ಯೆ ಹಾಕಿ ಒಳಗೆ ಹೋದಳು. "ಈಗ ಉಡುಗೊರೆ." ಅಧಿಕಾರಿ ಅಧ್ಯಕ್ಷೆಯ ಮುಖ ನೋಡಿದರು. ಅಧ್ಯಕ್ಷೆ ಗೋಡೆ ನೋಡಿದಳು. ಅಜ್ಜಿ ಚೌಕದಲ್ಲಿ ಒಂದೊಂದೇ ಕೀಲಿ ಹುಡುಕಿ ಬಲ್ಬು ಎಂದು ಬರೆದಳು, ಒಂದೊಂದೇ ಅಕ್ಷರವಾಗಿ ಅಳಿಸಿದಳು, ತಾನು ಹೊಲಿದ ಸಂಖ್ಯೆ ಬರೆದಳು. ಬಾಣವನ್ನು ಮೂಲೆಗೆ ಒಯ್ದವಳು ಅಲ್ಲಿ ತಡೆದು ನಿಂತಳು.

"ಓ, ಇಲ್ಲೊಂದು ಗುಂಡಿ ಇದೆಯಲ್ಲ," ಎಂದಳು. "ನಮ್ಮ ಟಿವಿಯವರು ಹೊಲಿಗೆಗೆ ಅಂತ ಅಂಚು ಬಿಟ್ಟೇ ಇಲ್ಲ ನೋಡಿ, ಇದನ್ನ ಒಳಗೆ ಮಡಚಿಬಿಟ್ಟಿದಾರೆ." ಟಕ್ ಎಂದು ಒತ್ತಿದಳು.

ಅಧಿಕಾರಿ ಇನ್ನೊಬ್ಬಳನ್ನು ಕರೆದರು. ಅವಳೂ ಬಲ್ಬು ಬರೆದು ಅಳಿಸಿದಳು. ಮತ್ತೊಬ್ಬಳು, ಮತ್ತೆ ಬಲ್ಬು. ಅಧಿಕಾರಿ ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು. ಯಾಕೆ ಹೀಗೆ ಮಾಡುತ್ತೀರಿ ಎಂದು ಕೇಳಿದರು. ಮಾಡತಕ್ಕದ್ದು ಅಂತ ಇದೆ ಎಂದರು ಮೂವರೂ.

ಡಬ್ಬಿಗಳ ನಡುವೆ ಭಾವ ಎಲ್ಲ ಮುಗಿಯಿತು ಎಂದುಕೊಂಡರು. ತಾನು ಮಾಡಿದ್ದಕ್ಕೆ ಈ ಹೆಂಗಸರ ಹೊಲಿಗೆ ಹೋಗಬಾರದು, ಹೋದರೆ ತನ್ನ ಮಾನ ಹೋಗಲಿ ಎಂದು ಹೊರಗೆ ಬಂದು ನಿಂತರು. ಬರುವ ರಭಸಕ್ಕೆ ಒಂದು ಡಬ್ಬಿ ಉರುಳಿ ನೆಲದ ತುಂಬ ಗುಂಡಿಗಳು ಓಡಾಡಿದವು.

ಅಧಿಕಾರಿ ತಲೆ ಎತ್ತಲಿಲ್ಲ. ಪರದೆಗೆ ಮೂಗು ತಾಗುವಷ್ಟು ಬಾಗಿ ಲೆಕ್ಕ ನೋಡುತ್ತಿದ್ದರು. ಅಜ್ಜಿಯದು ಸರಿಯಿತ್ತು. ಎರಡನೆಯವಳದೂ ಸರಿಯಿತ್ತು. ಮೂರನೆಯವಳದೂ.

"ಇದು ಹೇಗೆ ಸರಿ ಬಂತು?" ಎಂದು ಅವರು ತಮ್ಮನ್ನು ತಾವೇ ಕೇಳಿಕೊಂಡರು.

ಆಮೇಲೆ ತಿಳಿದ ಸಂಗತಿ ಇಷ್ಟು. ಆ ಪ್ರೋಗ್ರಾಮಿನಲ್ಲಿ ಒಂದು ಐಬು ಇತ್ತು. ಮೊದಲು ಬಂದವಳು ಬರೆದ ಸಂಖ್ಯೆ ಕಣ್ಣಿಗೆ ಕಾಣದ ಹಾಗೆ ಚೌಕದೊಳಗೇ ಉಳಿದು, ನಂತರ ಬಂದವಳ ಸಂಖ್ಯೆಗೆ ಅಂಟಿಕೊಳ್ಳುತ್ತಿತ್ತು. ಹೀಗಾಗಿ ಬೇರೊಂದು ಸಂಘದಲ್ಲಿ ಒಬ್ಬ ಬಾಣಂತಿ ಒಂದೇ ದಿನ ಇಡೀ ಊರಿಗೆ ಸಾಲುವಷ್ಟು ನಿಲುವಂಗಿ ಹೊಲಿದಳೆಂದು ದಾಖಲಾಗಿತ್ತು. ಪ್ರೋಗ್ರಾಂ ಬರೆದವರು ತಪ್ಪು ಹೆಂಗಸರದು ಎಂದಿದ್ದರು, ಆಸ್ಪತ್ರೆಯವರೂ ನಂಬಿದ್ದರು. ಆದರೆ ಸಂಖ್ಯೆಯ ಚೌಕದಲ್ಲಿ ಅಕ್ಷರ ಬಿದ್ದರೆ ಅದಕ್ಕೆ ಸೇರದು; ಒಳಗೆ ಅಡಗಿದ್ದನ್ನೆಲ್ಲ ಕಕ್ಕಿ ಚೊಕ್ಕಟವಾಗುತ್ತಿತ್ತು. ಬಲ್ಬು ಬರೆದು ಅಳಿಸಿದವರ ಲೆಕ್ಕ ಮಾತ್ರ ಸರಿ ಬರುತ್ತಿತ್ತು.

ಈ ಉಪಾಯ ಯಾರದು ಎಂದು ಅಧಿಕಾರಿ ಕೇಳಿದರು. ಎಲ್ಲ ಬೆರಳುಗಳೂ ಗುಂಡಿಗಳ ನಡುವೆ ನಿಂತ ಭಾವನ ಕಡೆ ತಿರುಗಿದವು.

ಬಾಯಿ ತೆರೆದರೆ ಕೀರ್ತಿ ತಾನಾಗಿ ಒಳಗೆ ಬಂದು ಬೀಳುವ ಗಳಿಗೆ. ಆದರೆ ಎದುರಿಗೆ ಗೋಡೆಗೆ ಒರಗಿದ್ದ ಹೆಂಡತಿಯ ಕಣ್ಣು ಅವರ ಮೇಲೇ ಇತ್ತು.

"ಉಪಾಯ ಅಲ್ಲ ಮೇಡಂ," ಎಂದರು ಭಾವ. "ನನ್ನ ಮರೆವು. ಮನೆಗೆ ಬಲ್ಬು ತರೋದು ಮರೆತಿದ್ದೆ, ಇವಳು ಕೇಳಿದ್ಲು, ಕೈ ತಪ್ಪಿ ಬರೆದೆ. ತಪ್ಪು ಅಂತ ಹೇಳೋಕೆ ನಾಚಿಕೆ ಆಯ್ತು."

ಅಧಿಕಾರಿಯ ಮುಖದಲ್ಲಿ ಅಂದು ಮೊದಲ ಸಲ ನಗು ಕಂಡಿತು. ಇಷ್ಟು ವಿನಯವಂತರನ್ನು ನಾನು ನೋಡಿಯೇ ಇಲ್ಲ ಎಂದರು. ಭಾವ ಇಲ್ಲ, ನಿಜ, ದೇವರಾಣೆ ಎಂದಷ್ಟೂ ಅವರ ಗೌರವ ಹೆಚ್ಚುತ್ತ ಹೋಯಿತು. ಜೀವಮಾನದಲ್ಲಿ ಒಮ್ಮೆ ಜಂಬ ಬಿಟ್ಟು ನಿಜ ಹೇಳಿದರೆ ಅದನ್ನು ಯಾರೂ ನಂಬದೇ ಹೋದರು.

ಹೊಲಿಗೆ ಉಳಿಯಿತು. ಆಸ್ಪತ್ರೆಯಿಂದ ಎಲ್ಲ ಸಂಘಗಳಿಗೂ ಒಂದು ಸುತ್ತೋಲೆ ಹೋಯಿತು: ಪ್ರೋಗ್ರಾಂ ದುರಸ್ತಿಯಾಗುವವರೆಗೆ, ಸಂಖ್ಯೆ ನಮೂದಿಸುವ ಮೊದಲು ಸದರಿ ಚೌಕದಲ್ಲಿ 'ಬಲ್ಬು' ಎಂದು ಬರೆದು ಅಳಿಸತಕ್ಕದ್ದು. ಜೊತೆಗೆ ಪಾಠದ ಡಿಸ್ಕನ್ನೂ ತರಿಸಿಕೊಳ್ಳಬೇಕೆಂದಿತ್ತು. ಮದುವೆ ವಿಡಿಯೋದವನ ಅಂಗಡಿಯಲ್ಲಿ ನೊಣಗಳಿಗೆ ಜಾಗವಿಲ್ಲದಾಯಿತು. ಈ ಸಲ ಅವನು ಅಂಚಿಗೆ ಹೊಲಿಗೆಯಷ್ಟು ಜಾಗ ಬಿಟ್ಟ, ಉಳಿಸು ಗುಂಡಿ ಕಾಣುವ ಹಾಗೆ ಮಾಡಿದ. ಹೃದಯಗಳನ್ನೂ ಪಾರಿವಾಳಗಳನ್ನೂ ತೆಗೆಯಲು ಹೋದರೆ ಕಾಜಾ ಅಜ್ಜಿ ಬಿಡಲಿಲ್ಲ. ಅವು ಬಂದಾಗಲೇ ತನಗೆ ಪುಟ ಬದಲಾದದ್ದು ತಿಳಿಯುವುದು ಎಂದಳು.

ಸುತ್ತೋಲೆ ಬಂದ ಸಂಜೆ ಭಾವ ನೆಟ್ಟಗೆ ಬಲ್ಬಿನ ಅಂಗಡಿಗೆ ಹೋದರು. ಮುಖ ತಿರುಗಿಸಿಕೊಳ್ಳಲಿಲ್ಲ. ಇರುವುದರಲ್ಲೆಲ್ಲ ಒಳ್ಳೆಯದನ್ನು ಉರಿಸಿ ತೋರಿಸೆಂದು ಕೇಳಿ, ಅದನ್ನೇ ಕೊಂಡುಕೊಂಡರು. ದಾರಿಯಲ್ಲಿ ಹಾಲಿನವನಿಗೆ, ಇಸ್ತ್ರಿಯವನಿಗೆ, ಅಂಗಿಯನ್ನು ಇನ್ನೂ ಮಡಿಸಿಡದೆ ಮದುವೆಗಾಗಿ ಕಾಯುತ್ತಿದ್ದ ಗಾರ್ಡಿಗೆ, ಯಾರೂ ಕೇಳದಿದ್ದರೂ ತಾವೇ ತೋರಿಸಿದರು. ಮನೆಗೆ ಬಂದು, ಎಷ್ಟೋ ದಿನಗಳ ಮೇಲೆ ಒಳಕೋಣೆಯ ಬಾಗಿಲು ತಳ್ಳಿದರು.

ಕೋಣೆ ಝಗಝಗ ಎನ್ನುತ್ತಿತ್ತು. ಮಷೀನಿನ ಮೇಲೆ ಹೊಚ್ಚಹೊಸ ಬಲ್ಬು. ಅದರ ಕೆಳಗೆ ಹೆಂಡತಿ ನಿಲುವಂಗಿಯ ತೋಳು ಕೂರಿಸುತ್ತಿದ್ದಳು.

"ಇದು ಯಾವಾಗ ಬಂತು?" ಎಂದರು ಭಾವ, ಕೈಯಲ್ಲಿದ್ದ ಪೊಟ್ಟಣವನ್ನು ಏನು ಮಾಡುವುದೆಂದು ತಿಳಿಯದೆ.

"ಡಿಸ್ಕ್ ಹಂಚಿದ ಮಾರನೇ ದಿನಾನೇ. ನನ್ನ ಮಾತು ಟಿವಿಯಲ್ಲಿ ಕೇಳಿ ಕಾಜಾ ಅಜ್ಜಿ ತಂದುಕೊಟ್ರು. ನೀವು ಈ ಕಡೆ ತಲೆ ಹಾಕಿದ್ರೆ ತಾನೇ ಗೊತ್ತಾಗೋದು."

ಭಾವನಿಗೆ ಈ ಸಲ ವಾರ್ತೆಯ ಧ್ವನಿ ಬರಲಿಲ್ಲ. ತಪ್ಪಾಯ್ತು ಎಂದರು, ಮೆಲ್ಲಗೆ, ಮನೆಯ ಧ್ವನಿಯಲ್ಲಿ.

ಹೆಂಡತಿ ಅವರನ್ನೂ ಪೊಟ್ಟಣವನ್ನೂ ನೋಡಿದಳು. ಎದ್ದು ಸ್ವಿಚ್ಚು ಆರಿಸಿದಳು. ಕತ್ತಲಲ್ಲೇ ಸ್ಟೂಲು ಹತ್ತಿ, ಸೆರಗಿನಿಂದ ಹಿಡಿದು ಅಜ್ಜಿಯ ಬಲ್ಬನ್ನು ಬಿಚ್ಚಿ ಕೆಳಗೆ ಕೊಟ್ಟಳು, ಅವರು ತಂದದ್ದಕ್ಕೆ ಕೈ ಚಾಚಿದಳು.

"ಚೆನ್ನಾಗಿ ಉರೀತಾ ಇತ್ತಲ್ಲೇ, ಅದನ್ಯಾಕೆ ತೆಗೆದೆ?"

"ಮೊದಲು ಒಂದು ಬಲ್ಬು ಹಾಕೋದು, ಅದನ್ನ ತೆಗೆಯೋದು, ಆಮೇಲೆ ಸರಿಯಾದ್ದು ಹಾಕೋದು," ಎಂದಳು ಹೆಂಡತಿ, ತಿರುಗಿಸುತ್ತ. "ಸುತ್ತೋಲೆಯಲ್ಲಿ ಹಾಗೇ ತಾನೇ ಇರೋದು? ಸ್ವಿಚ್ಚು ಹಾಕಿ."

ಭಾವ ಹಾಕಿದರು. ಬಲ್ಬು ಹತ್ತಿತು.